ಎಸೆತಕ್ಕೆ ಮುನ್ನಿನ ನಿಶ್ಚಯ: ಬ್ಯಾಸ್ಕೆಟ್‌ಬಾಲ್ ಸಿಮ್ಯುಲೇಷನ್ ಆಟಗಳ ರಸಿಕರಿಗೊಂದು ಕೈಪಿಡಿ

ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಕಂಪ್ಯೂಟರೇ ಆಡಿ ತೋರಿಸುವ ಸಿಮ್ಯುಲೇಷನ್ ಆಟಗಳಿಗೆ ಹೊಸದಾಗಿ ಬಂದವರು, ಚೆಂಡು ಬುಟ್ಟಿಯೊಳಗೆ ಬಿದ್ದಿತೋ ಇಲ್ಲವೋ ಎಂಬುದೊಂದನ್ನೇ ನೋಡಿ, ಬಿದ್ದರೆ ಹಿಗ್ಗಿ, ಬೀಳದಿದ್ದರೆ ಕುಗ್ಗಿ, ಅಷ್ಟಕ್ಕೇ ತೃಪ್ತರಾಗಿಬಿಡುವುದುಂಟು. ಆದರೆ ಈ ಕಲೆಯ ಸ್ವಾರಸ್ಯವೆಲ್ಲ ಅದಕ್ಕೆ ಒಂದು ಕ್ಷಣ ಮೊದಲು, ಐವರಲ್ಲಿ ಯಾರು ಎಸೆಯಬೇಕು, ಎಲ್ಲಿಂದ ಎಸೆಯಬೇಕು ಎಂಬುದು ನಿಶ್ಚಯವಾಗುವ ಆ ಗಳಿಗೆಯಲ್ಲಿ ಅಡಗಿದೆ. ಒಂದು ಚೆಂಡು ಬಿದ್ದದ್ದು ಅಥವಾ ತಪ್ಪಿದ್ದು ಬಹುಮಟ್ಟಿಗೆ ಆಕಸ್ಮಿಕ. ಎಂತಹ ಎಸೆತವನ್ನು ಆಟಗಾರನು ಮತ್ತೆ ಮತ್ತೆ ಆರಿಸಿಕೊಳ್ಳುತ್ತಾನೆಂಬುದು ಅವನ ಸ್ವಭಾವ. ಆ ಸ್ವಭಾವವು ಬರಿಯ ಅಂಕಿಗಳಿಂದ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಅರಿತವನಿಗೆ ಮಾತ್ರ ಈ ಆಟಗಳು ತಮ್ಮ ಒಳಗನ್ನು ತೆರೆದು ತೋರುತ್ತವೆ.

ವೆಬ್ ಬ್ರೌಸರಿನಲ್ಲಿಯೇ ನಡೆಯುವ ‘ಬ್ಯಾಸ್ಕೆಟ್‌ಬಾಲ್ ಜಿಎಂ’ ಎಂಬ ಆಟವನ್ನು ಮೊದಲ ಪಾಠಕ್ಕೆ ಆರಿಸಿಕೊಳ್ಳುವುದು ಲೇಸು. ಏಕೆಂದರೆ ಅಲ್ಲಿ ಕಣ್ಣನ್ನು ಮರುಳುಮಾಡುವ ಚಿತ್ರವೈಭವವಿಲ್ಲ, ಯಾರು ಎಲ್ಲಿಂದ ಎಸೆದರೆಂಬುದನ್ನು ಸಾಲುಸಾಲಾಗಿ ಬರೆದು ತಿಳಿಸುವ ವಿವರಣೆಯೂ ಅಂಕಪಟ್ಟಿಯೂ ಮಾತ್ರ ಉಂಟು. ಅಲ್ಲಿನ ಪ್ರತಿಯೊಬ್ಬ ಆಟಗಾರನಿಗೂ ಎತ್ತರ, ಬಲ, ವೇಗ, ನೆಗೆತ, ದಮ್ಮು ಎಂಬ ದೈಹಿಕ ಗುಣಗಳಿಂದ ಮೊದಲುಗೊಂಡು, ಬುಟ್ಟಿಯ ಬಳಿಯ ಆಟ, ಡಂಕ್, ಫ್ರೀ ಥ್ರೋ, ಮಧ್ಯದೂರದ ಎಸೆತ, ಥ್ರೀ ಪಾಯಿಂಟರ್, ಡ್ರಿಬಲ್, ಪಾಸ್, ರೀಬೌಂಡ್, ಆಕ್ರಮಣದ ಜಾಣ್ಮೆ, ರಕ್ಷಣೆಯ ಜಾಣ್ಮೆ ಇವುಗಳವರೆಗೆ 15 ರೇಟಿಂಗುಗಳು, ಒಂದೊಂದೂ 0ಯಿಂದ 100ರವರೆಗಿನ ಅಳತೆಯಲ್ಲಿ, ದತ್ತವಾಗಿರುತ್ತವೆ. ಇವೆಲ್ಲವನ್ನೂ ಹಿಂಡಿ ತೆಗೆದ ‘ಓವರಾಲ್’ ಎಂಬ ಒಂದು ಅಂಕಿಯೂ ಉಂಟು. ಹೊಸಬರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ರಸಿಕನಾಗಬೇಕೆಂಬವನು ಕೆಲವು ಕಾಲ ಅದನ್ನು ನೋಡದಿರುವುದೇ ಒಳ್ಳೆಯದು. ಓವರಾಲ್ ಸಮವಾಗಿರುವ ಇಬ್ಬರಲ್ಲಿ ಒಬ್ಬನು ಬುಟ್ಟಿಯ ಕೆಳಗೆ ಭೀಮನೂ, ಇನ್ನೊಬ್ಬನು ದೂರದಿಂದ ಗುರಿಯಿಡುವುದರಲ್ಲಿ ಅರ್ಜುನನೂ ಆಗಿರಬಹುದು; ಅವರಿಬ್ಬರ ಆಯ್ಕೆಗಳಿಗೆ ಸಾಮ್ಯವೇ ಇರುವುದಿಲ್ಲ.

ಈ ಆಟದ ಮೂಲ ಪ್ರೋಗ್ರಾಂ ಯಾರು ಬೇಕಾದರೂ ಓದಬಹುದಾದಂತೆ ಬಹಿರಂಗವಾಗಿದೆಯಾದ್ದರಿಂದ, ಒಂದು ಎಸೆತವು ಹೇಗೆ ಹುಟ್ಟುತ್ತದೆಂಬುದನ್ನು ನಾವು ಬಹಳ ಹತ್ತಿರದಿಂದ ನೋಡಬಹುದು. ಮೊದಲು, ಅಂಗಳದಲ್ಲಿರುವ ಐವರ ಅಂಕ ಗಳಿಸುವ ಶಕ್ತಿಯನ್ನು ತೂಗಿ, ದಣಿದವರ ತೂಕವನ್ನು ಅಷ್ಟಿಷ್ಟು ಇಳಿಸಿ, ಆ ತೂಕಕ್ಕೆ ತಕ್ಕಂತೆ ಚೀಟಿಯೆತ್ತಿ, ಎಸೆಯುವವನು ಯಾರೆಂಬುದು ಗೊತ್ತಾಗುತ್ತದೆ. ಸಮರ್ಥರ ನಡುವೆ ಇದ್ದಾಗ ಮಿತವಾಗಿ ಎಸೆಯುತ್ತಿದ್ದವನೇ ದುರ್ಬಲರ ತಂಡಕ್ಕೆ ಹೋದೊಡನೆ ಎಸೆತಗಳ ಭಾರವನ್ನೆಲ್ಲ ಹೊರುವುದು ಇದರಿಂದಲೇ. ಅವನ ರೇಟಿಂಗ್ ಕಿಂಚಿತ್ತೂ ಬದಲಾಗಿರುವುದಿಲ್ಲ, ಸುತ್ತಲಿನವರ ರೇಟಿಂಗ್ ಬದಲಾಗಿರುತ್ತದೆ. ಎರಡನೆಯ ಪ್ರಶ್ನೆ ಥ್ರೀ ಪಾಯಿಂಟರಿನದು. ಒಂದು ಹೊಸ್ತಿಲಿಗಿಂತ ಕೆಳಗಿನ ರೇಟಿಂಗುಳ್ಳವನು ಸಾಮಾನ್ಯ ಸಂದರ್ಭದಲ್ಲಿ ಮೂರಂಕದ ಗೆರೆಯ ಆಚೆಯಿಂದ ಎಸೆಯುವ ಯೋಚನೆಯನ್ನೇ ಮಾಡುವುದಿಲ್ಲ. ಹೊಸ್ತಿಲನ್ನು ದಾಟಿದವನು, ರೇಟಿಂಗ್ ಏರಿದಷ್ಟೂ ಹೆಚ್ಚುಹೆಚ್ಚಾಗಿ ಎಸೆಯುತ್ತಾನೆ. ನಿಜವಾದ ಅಂಗಳದಲ್ಲಿಯೂ ಅಂತಹ ಹೊಸ್ತಿಲೊಂದು ಇದ್ದೇ ಇದೆ: ಮಹಾಕಾಯನಾದ ಶಕೀಲ್ ಓನೀಲ್ ಎನ್‌ಬಿಎಯಲ್ಲಿ ತಾನಾಡಿದ 19 ಋತುಗಳ ಉದ್ದಕ್ಕೂ ಯತ್ನಿಸಿದ ಥ್ರೀ ಪಾಯಿಂಟರುಗಳು ಕೇವಲ 22, ಬುಟ್ಟಿಗೆ ಬಿದ್ದದ್ದು ಒಂದೇ ಒಂದು.

ಮೂರನೆಯ ಹಂತವೇ ನನಗೆ ಅತ್ಯಂತ ಪ್ರಿಯವಾದದ್ದು. ಥ್ರೀ ಪಾಯಿಂಟರ್ ಅಲ್ಲವೆಂದಾದ ಮೇಲೆ ಮಧ್ಯದೂರ, ಬುಟ್ಟಿಯ ಬಾಯಿ, ಬುಟ್ಟಿಗೆ ಬೆನ್ನುಕೊಟ್ಟು ಆಡುವ ಪೋಸ್ಟ್ ಎಂಬ ಮೂರು ಎಡೆಗಳು ಉಳಿಯುತ್ತವೆ. ಪ್ರತಿಯೊಂದು ಎಡೆಗೂ ಆಟಗಾರನಿಗಿರುವ ಬಲವನ್ನು ಯದೃಚ್ಛೆಯಿಂದ ಬಂದ ಒಂದು ಸಂಖ್ಯೆಯಿಂದ ಗುಣಿಸಿ, ಯಾವುದರ ಗುಣಲಬ್ಧ ದೊಡ್ಡದೋ ಆ ಎಡೆಯಿಂದಲೇ ಎಸೆತ. ಮಧ್ಯದೂರಕ್ಕೆ ಮಾತ್ರ ಐದರಲ್ಲೊಂದು ಪಾಲು ಕಡಿತವುಂಟು. ಬುಟ್ಟಿಯ ಬಾಯಿಯಲ್ಲಿ 80ರಷ್ಟೂ ಮಧ್ಯದೂರದಲ್ಲಿ 60ರಷ್ಟೂ ಬಲವುಳ್ಳ ಒಬ್ಬನನ್ನು ಭಾವಿಸಿಕೊಂಡು, ಪೋಸ್ಟನ್ನು ಸದ್ಯಕ್ಕೆ ಬದಿಗಿಟ್ಟು ಲೆಕ್ಕಹಾಕಿದರೆ, 60 ಎಂಬುದು 48ಕ್ಕೆ ಇಳಿದು, ಹತ್ತರಲ್ಲಿ ಏಳು ಬಾರಿ ಅವನು ಬುಟ್ಟಿಯತ್ತ ನುಗ್ಗುವನೆಂದೂ, ಉಳಿದ ಮೂರು ಬಾರಿ ನಡುದಾರಿಯಲ್ಲಿಯೇ ನಿಂತು ಎಸೆಯುವನೆಂದೂ ತಿಳಿಯುತ್ತದೆ. ತನಗೆ ಉತ್ತಮವಾದದ್ದನ್ನೇ ಪ್ರತಿಸಲವೂ ಆರಿಸುವ ಆಟಗಾರನನ್ನು ನಿರ್ಮಿಸುವುದು ಕಂಪ್ಯೂಟರಿಗೆ ಅತಿ ಸುಲಭದ ಕೆಲಸವಾಗಿತ್ತು. ಹಾಗೆ ಮಾಡದೆ, ಆಗಾಗ ಎರಡನೆಯದಕ್ಕೆ ಮನಸೋಲುವ ಮನುಷ್ಯನನ್ನು ಇಷ್ಟು ಸರಳವಾದ ಗಣಿತದಿಂದ ಮೂಡಿಸಿರುವುದು ಶ್ಲಾಘ್ಯವಾದ ಕೌಶಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಏರ್ಪಾಡುಂಟು. ದೂರದೆಸೆತದಲ್ಲಿ ನಿಪುಣರಾದವರ ಹೆಸರಿನ ಪಕ್ಕದಲ್ಲಿ ‘3’ ಎಂಬ ಗುರುತು ಕಾಣುತ್ತದೆ. ಹೀಗೆ ಪೂರಕವಾದ ಕೌಶಲವುಳ್ಳವರು ಒಟ್ಟಿಗೆ ಅಂಗಳದಲ್ಲಿದ್ದಾಗ ತಂಡಕ್ಕೆ ‘ಸಿನರ್ಜಿ’ ಎಂಬ ಒಂದು ಅನುಕೂಲ ಲಭಿಸುತ್ತದೆ. ಆ ಅನುಕೂಲವು ಚೆಂಡು ಬುಟ್ಟಿಗೆ ಬೀಳುವ ಸಂಭವವನ್ನು ಹೆಚ್ಚಿಸುವುದಲ್ಲದೆ, ಮೇಲೆ ಹೇಳಿದ ಬುಟ್ಟಿಯ ಬಾಯಿ ಮತ್ತು ಪೋಸ್ಟಿನ ಬಲಗಳಿಗೂ ಕೂಡಿಕೊಳ್ಳುತ್ತದೆ. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ಹೊರಗೆ ನಿಂತ ಇಬ್ಬರು ಗುರಿಕಾರರು ಚೆಂಡನ್ನು ಮುಟ್ಟದಿದ್ದರೂ, ಒಳಗಿರುವ ಮೂರನೆಯವನ ಮನಸ್ಸನ್ನು ಬುಟ್ಟಿಯ ಕಡೆಗೆ ವಾಲಿಸುತ್ತಾರೆ. ನಿಜವಾದ ಪಂದ್ಯದಲ್ಲಿ, ಆ ಗುರಿಕಾರರನ್ನು ಬಿಟ್ಟುಬರಲು ಎದುರಾಳಿಗಳು ಹೆದರುವುದರಿಂದ ಬುಟ್ಟಿಯ ಮುಂದಿನ ಹಾದಿ ತೆರವಾಗುವುದಷ್ಟೆ. ಅದೇ ಸತ್ಯವಿಲ್ಲಿ ಒಂದು ಚಿಕ್ಕ ಕೂಡುವಿಕೆಯಲ್ಲಿ ಅಡಗಿ ಕುಳಿತಿದೆ.

ಇನ್ನು, 1999ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರಕ್ಕಾಗಿ ಮೊದಲು ಬಂದು ಇಂದಿಗೂ ವರ್ಷವರ್ಷವೂ ಹೊರಬರುತ್ತಿರುವ ‘ಎನ್‌ಬಿಎ 2ಕೆ’ ಮಾಲಿಕೆಯ ಮಾರ್ಗವೇ ಬೇರೆ. ಅಲ್ಲಿ ಸಾಮರ್ಥ್ಯಕ್ಕೊಂದು ಪಟ್ಟಿಯೂ, ‘ಟೆಂಡೆನ್ಸಿ’ ಎಂಬ ಹೆಸರಿನಲ್ಲಿ ಪ್ರವೃತ್ತಿಗೆ ಇನ್ನೊಂದು ಪಟ್ಟಿಯೂ ಪ್ರತ್ಯೇಕವಾಗಿವೆ: ಎಸೆದರೆ ಬೀಳುವುದೇ ಎಂಬುದನ್ನು ಮೊದಲನೆಯದೂ, ಎಸೆಯುವನೇ ಎಂಬುದನ್ನು ಎರಡನೆಯದೂ ಹೇಳುತ್ತವೆ. ಕಂಟ್ರೋಲರನ್ನು ನಾವೇ ಹಿಡಿದು ಆಡಿದಾಗ ಎಸೆಯುವ ತೀರ್ಮಾನ ನಮ್ಮದಾಗಿ, ಆಟಗಾರನ ಪ್ರವೃತ್ತಿ ಮರೆಯಾಗುತ್ತದೆ. ಆದಕಾರಣ ಎರಡು ತಂಡಗಳನ್ನೂ ಕಂಪ್ಯೂಟರಿಗೇ ಒಪ್ಪಿಸಿ, ಕೈಕಟ್ಟಿ ಕುಳಿತು ನೋಡುವುದು ರಸಿಕನಿಗೆ ಅವಶ್ಯವಾದ ಅಭ್ಯಾಸ. ಶಕ್ತಿ ಬೇರೆ, ಪ್ರವೃತ್ತಿ ಬೇರೆ ಎಂಬ ಈ ವಿಭಾಗವು ಕೃತಕವೆಂದು ಶಂಕಿಸುವವರು ಬ್ರೂಕ್ ಲೋಪೆಜ್‌ನ ವೃತ್ತಾಂತವನ್ನು ನೆನೆಯಬೇಕು. ಏಳಡಿ ಎತ್ತರದ ಈ ಸೆಂಟರ್ ಆಟಗಾರನು ತನ್ನ ಮೊದಲ ಎಂಟು ಋತುಗಳಲ್ಲಿ ಒಟ್ಟು ಮೂರೇ ಮೂರು ಥ್ರೀ ಪಾಯಿಂಟರುಗಳನ್ನು ಹಾಕಿದ್ದವನು, 2016-17ರ ಒಂದೇ ಋತುವಿನಲ್ಲಿ 134 ಹಾಕಿದನು. ಒಂದು ಬೇಸಗೆಯಲ್ಲಿ ತೋಳು ಅಷ್ಟೊಂದು ಬೆಳೆಯಲಾರದು. ಬೆಳೆದದ್ದು ಬಹುಪಾಲು ಎಸೆಯುವ ಇಚ್ಛೆ ಮತ್ತು ಅದಕ್ಕೆ ದೊರೆತ ಅನುಮತಿ. ರೇಟಿಂಗ್ ಕಟ್ಟುವವರಿಗೆ ಕಾಣುವುದು ಎಸೆದ ಎಸೆತಗಳು ಮಾತ್ರವಾದುದರಿಂದ, ಎಸೆಯದೆ ಉಳಿಸಿಕೊಂಡ ಶಕ್ತಿಗೆ ಯಾವ ಅಂಕಿಯನ್ನು ಕೊಡಬೇಕೆಂಬುದು ಈ ವಿದ್ಯೆಯ ಅತಿ ಕಠಿನವಾದ ಸಮಸ್ಯೆ.

ಕಾಲಧರ್ಮವನ್ನೂ ಮರೆಯಲಾಗದು. ಎನ್‌ಬಿಎಯಲ್ಲಿ ಮೂರಂಕದ ಗೆರೆಯನ್ನು ಎಳೆದದ್ದು 1979-80ರ ಋತುವಿನಲ್ಲಿ. ಆಗ ಒಂದು ತಂಡವು ಪಂದ್ಯಕ್ಕೆ ಸರಾಸರಿ ಮೂರು ಬಾರಿಯೂ ಆ ಗೆರೆಯಾಚೆಯಿಂದ ಎಸೆಯುತ್ತಿರಲಿಲ್ಲ, ಈಗ 35ನ್ನು ಮೀರಿದೆ. ನೂರಕ್ಕೆ 36 ಬೀಳುವ ಥ್ರೀ ಪಾಯಿಂಟರ್ ಎಸೆತವೊಂದಕ್ಕೆ 1.08 ಅಂಕವನ್ನೂ, ನೂರಕ್ಕೆ 42 ಬೀಳುವ ಮಧ್ಯದೂರದ ಎಸೆತ 0.84 ಅಂಕವನ್ನೂ ತರುವುದೆಂಬ ಲೆಕ್ಕ ಎಲ್ಲರಿಗೂ ಮನದಟ್ಟಾದದ್ದೇ ಇದಕ್ಕೆ ಕಾರಣ. ಬ್ಯಾಸ್ಕೆಟ್‌ಬಾಲ್ ಜಿಎಂನಲ್ಲಿ ಇಡೀ ಲೀಗಿನ ಥ್ರೀ ಪಾಯಿಂಟರ್ ಪ್ರವೃತ್ತಿಯನ್ನು ಏರಿಸಿ ಇಳಿಸುವ ಸೆಟ್ಟಿಂಗ್ ಒಂದಿದೆ. ಅದನ್ನು ತಗ್ಗಿಸಿದರೆ, ಅದೇ ರೇಟಿಂಗಿನ ಅದೇ ಆಟಗಾರನು ಹಳೆಯ ಕಾಲದವನಂತೆ ಗೆರೆಯೊಳಗೆ ಹೆಜ್ಜೆಯಿಟ್ಟು ಎಸೆಯುವುದನ್ನು ಕಾಣಬಹುದು.

ನನ್ನ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ರೇಟಿಂಗು ಕೇವಲ ಸಾಫಲ್ಯವನ್ನು ನಿರ್ಣಯಿಸಿ ಆಯ್ಕೆಯನ್ನು ಮುಟ್ಟದ ಆಟ, ಎಷ್ಟೇ ಸುಂದರವಾಗಿ ಚಿತ್ರಿತವಾಗಿದ್ದರೂ, ಕೆಳದರ್ಜೆಯದು. ಹೊಸದಾಗಿ ಆರಂಭಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮೊದಲ ಋತುವಿನಲ್ಲಿ ಸೋಲುಗೆಲುವುಗಳ ಗೊಡವೆಗೆ ಹೋಗದೆ, ಒಬ್ಬನೇ ಆಟಗಾರನನ್ನು ಆರಿಸಿಕೊಂಡು, ಪಂದ್ಯ ಮುಗಿದೊಡನೆ ಅವನು ಎಷ್ಟು ಹಾಕಿದನೆಂಬ ಅಂಕಣಕ್ಕಿಂತ ಮೊದಲು ಎಷ್ಟು ಯತ್ನಿಸಿದನೆಂಬ ಅಂಕಣವನ್ನು ಓದಿರಿ, ಬಳಿಕ ಅವನ ಪಕ್ಕದ ದೂರದೆಸೆತಗಾರನನ್ನು ಬೆಂಚಿನಲ್ಲಿ ಕುಳ್ಳಿರಿಸಿ, ಹಲವು ಪಂದ್ಯಗಳಲ್ಲಿ ಅದೇ ಅಂಕಣವನ್ನು ಮತ್ತೆ ಓದಿರಿ.