ಬ್ಯಾಂಟಿಂಗ್ ಬೆಣ್ಣೆ ತಿನ್ನಲಿಲ್ಲ

ಕೀಟೋ ಡಯಟ್ ಚಾರ್ಟ್ ಕೂಡ ಒಂದು ಬರವಣಿಗೆಯೇ. ಅದರಲ್ಲಿ ಅನ್ನ ಖಳನಾಯಕ, ತುಪ್ಪ ನಾಯಕ. ಮೊದಲ ವಾರದಲ್ಲೇ ಒಂದು ಪವಾಡ ನಡೆಯುತ್ತೆ, ಆರೇಳನೇ ವಾರಕ್ಕೆ ಕಥೆ ನಿಂತುಹೋಗುತ್ತೆ. ಅಲ್ಲಿಂದ ಮುಂದೆ ಓದುಗನೇ ಅಪರಾಧಿ. ಜಯಲಕ್ಷ್ಮಿಪುರಂನ ಎಷ್ಟು ಫ್ರಿಜ್ ಬಾಗಿಲುಗಳ ಮೇಲೆ ಈ ಬರವಣಿಗೆ ಅಂಟಿಕೊಂಡಿದೆಯೋ ಎಣಿಸಿದವರಿಲ್ಲ. ಆದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಒಂದು ಸುತ್ತು ಹಾಕಿ ಬನ್ನಿ, ನಲವತ್ತು ದಾಟಿದವರ ಮಾತಿನಲ್ಲಿ ಒಂದು ಸಾಲು ಕಿವಿಗೆ ಬೀಳದೇ ಇರಲ್ಲ: "ಮೊದಲು ಸರಸರ ನಾಲ್ಕು ಕೆಜಿ ಇಳೀತು ಕಣೋ, ಆಮೇಲೆ ಮುಳ್ಳು ಅಲ್ಲಾಡ್ತಾನೇ ಇಲ್ಲ."

ಈ ನಿಂತ ಮುಳ್ಳಿಗೆ ಮದ್ದು ಹೇಳೋದೇ ಈಗ ಒಂದು ಉಪಪ್ರಕಾರ. ಮೂರು ದಿನ ಬರೀ ಮೊಟ್ಟೆ ತಿನ್ನಿ, ಎರಡು ದಿನ ಬರೀ ಬೆಣ್ಣೆ-ಚೀಸ್ ತಿನ್ನಿ, ರಾತ್ರಿ ಊಟ ಬಿಡಿ, ಬೆಳಗಿನ ತಿಂಡಿಯನ್ನೂ ಬಿಡಿ, ಉಪ್ಪು ಜಾಸ್ತಿ ಮಾಡಿ, ಅಡಗಿ ಕೂತ ಕಾರ್ಬ್ ಹುಡುಕಿ. ಯಾವುದನ್ನೇ ಓದಿದರೂ ಸಾರ ಒಂದೇ: ಡಯಟ್ ಸರಿಯಾಗಿದೆ, ನೀವು ಎಲ್ಲೋ ಕಳ್ಳಾಟ ಆಡಿದ್ದೀರಿ. ನನ್ನ ತಕರಾರು ಇರೋದು ಇಲ್ಲೇ. ಈ ಚಾರ್ಟ್‌ನ ವಂಶಾವಳಿಯಲ್ಲೇ ಒಂದು ಎಡವಟ್ಟಿದೆ, ಲೆಕ್ಕದಲ್ಲಿ ಇನ್ನೊಂದು. ಎರಡಕ್ಕೂ ದಂಡ ಕಟ್ಟುತ್ತಿರುವವರು ನಡುವಯಸ್ಸಿನವರು.

ಮೊದಲ ವಾರದ ಪವಾಡವನ್ನು ಬೇಗ ಮುಗಿಸಿಬಿಡೋಣ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ನಾನೂರು, ಐನೂರು ಗ್ರಾಂನಷ್ಟು ಗ್ಲೈಕೋಜನ್ ದಾಸ್ತಾನು ಇರುತ್ತೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತೆ. ಅನ್ನ, ಚಪಾತಿ ನಿಲ್ಲಿಸಿದರೆ ದಾಸ್ತಾನು ಕರಗಿ ನೀರು ಹೊರಟುಹೋಗುತ್ತೆ. ಒಂದೂವರೆ-ಎರಡು ಕೆಜಿ ಹೀಗೇ ಮಾಯ. ಚಾರ್ಟ್ ಇದನ್ನು ಕೊಬ್ಬಿನ ಖಾತೆಗೆ ಜಮಾ ಮಾಡಿ ತೋರಿಸುತ್ತೆ. ಮುಂದಿನ ಎಲ್ಲ ನಿರಾಸೆಗೂ ಅಡಿಪಾಯ ಬೀಳೋದು ಆ ವಾರದಲ್ಲೇ.

ಇನ್ನು ವಂಶಾವಳಿ. ಕಾರ್ಬ್ ಕಡಿಮೆ ಮಾಡಿ ತೂಕ ಇಳಿಸೋ ಪುಸ್ತಕಗಳಿಗೆಲ್ಲ ಮುತ್ತಜ್ಜ ಅಂದರೆ 1863ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಕಿರುಹೊತ್ತಿಗೆ, 'ಲೆಟರ್ ಆನ್ ಕಾರ್ಪ್ಯುಲೆನ್ಸ್'. ಬರೆದವನು ಡಾಕ್ಟರಲ್ಲ, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುತ್ತಿದ್ದ ವಿಲಿಯಂ ಬ್ಯಾಂಟಿಂಗ್. ವಯಸ್ಸು ಅರವತ್ತೈದು ದಾಟಿತ್ತು. ಎತ್ತರ ಐದಡಿ ಐದಿಂಚು, ತೂಕ 202 ಪೌಂಡ್, ಅಂದರೆ ತೊಂಬತ್ತೆರಡು ಕೆಜಿಗೆ ಸ್ವಲ್ಪ ಕಡಿಮೆ. ಕಿವಿ ಕೇಳಿಸ್ತಿಲ್ಲ ಅಂತ ವಿಲಿಯಂ ಹಾರ್ವೆ ಎಂಬ ಡಾಕ್ಟರ ಹತ್ತಿರ ಹೋದಾಗ ಅವರು ಇವನ ಊಟವನ್ನೇ ಬದಲಾಯಿಸಿಬಿಟ್ಟರು. ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಂದ್. ಮಾಂಸ, ಮೀನು, ತರಕಾರಿ, ಒಂದೆರಡು ತುಂಡು ಒಣ ಟೋಸ್ಟ್, ಹಾಲು-ಸಕ್ಕರೆ ಇಲ್ಲದ ಟೀ. ವೈನಿಗೆ ಮಾತ್ರ ಧಾರಾಳ ರಜೆ!

ಗಮನಿಸಿದಿರಾ? ಬಿಟ್ಟವುಗಳ ಪಟ್ಟಿಯಲ್ಲಿ ಬ್ರೆಡ್ಡಿನ ಪಕ್ಕದಲ್ಲೇ ಬೆಣ್ಣೆಯೂ ಇದೆ.

ಆ ಹೊತ್ತಿಗೆಯ ನಿಜವಾದ ಸೊಗಸು ಅದರಲ್ಲಿರುವ ತೂಕದ ಪಟ್ಟಿಯಲ್ಲಿದೆ. ಸುಮಾರು ಮೂರು ವಾರಕ್ಕೊಮ್ಮೆ ತಕ್ಕಡಿ ಹತ್ತುತ್ತಾನೆ, ಪ್ರತಿ ಸಲ ಎರಡೋ ಮೂರೋ ಪೌಂಡ್ ಇಳಿದಿರುತ್ತೆ. ಉದ್ಗಾರವಿಲ್ಲ, ಮೊದಲು-ನಂತರ ಅಂತ ಚಿತ್ರಗಳಿಲ್ಲ. ಒಂದು ವರ್ಷದಲ್ಲಿ ಒಟ್ಟು 46 ಪೌಂಡ್, ಹೆಚ್ಚುಕಡಿಮೆ ಇಪ್ಪತ್ತೊಂದು ಕೆಜಿ. ವಾರಕ್ಕೆ ನಾನೂರು ಗ್ರಾಂ ಆಯ್ತು. ಇವತ್ತಿನ ಡಯಟ್ ಕೋಚ್ ಮುಂದೆ ಈ ಪಟ್ಟಿ ಇಟ್ಟರೆ "ನಿಮ್ಮದು ಸ್ಲೋ, ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ" ಅಂದಾರು. ಆದರೆ ಈ ನಿಧಾನಗತಿಯವನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯ್ತು, ಸ್ವೀಡಿಷ್ ಭಾಷೆಯಲ್ಲಿ ಡಯಟ್ ಮಾಡೋದಕ್ಕೆ ಇವತ್ತಿಗೂ 'ಬಾಂಟಾ' ಅಂತಲೇ ಅನ್ನೋದು. ಬ್ಯಾಂಟಿಂಗ್ ಬದುಕಿದ್ದು 1878ರವರೆಗೆ, ಎಂಬತ್ತೊಂದು ವರ್ಷ.

ಹಾಗಾದರೆ ಬೆಣ್ಣೆ ಎಲ್ಲಿಂದ ಬಂತು? ಬೇರೆ ಮನೆತನದಿಂದ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಒಂದು ಆಹಾರ ಕ್ರಮ ಸೂಚಿಸಿದರು. ಉಪವಾಸ ಮಾಡಿದರೆ ಫಿಟ್ಸ್ ಕಡಿಮೆಯಾಗುತ್ತೆ ಅಂತ ಗೊತ್ತಿತ್ತು, ಆದರೆ ಎಷ್ಟು ದಿನ ಅಂತ ಉಪವಾಸ ಕೆಡವೋದು? ಊಟ ಕೊಟ್ಟೇ ದೇಹಕ್ಕೆ ಉಪವಾಸದ ಭ್ರಮೆ ಹುಟ್ಟಿಸಬೇಕಿತ್ತು. ಅದಕ್ಕೇ ತಟ್ಟೆ ತುಂಬ ಕೊಬ್ಬು. ಈಗಲೂ ಬಳಕೆಯಲ್ಲಿರುವ ಅದರ ಶಾಸ್ತ್ರೀಯ ಅಳತೆ ನಾಲ್ಕಕ್ಕೆ ಒಂದು: ಪ್ರೋಟೀನ್ ಮತ್ತು ಕಾರ್ಬ್ ಸೇರಿ ಒಂದು ಗ್ರಾಂ ಆದರೆ ಕೊಬ್ಬು ನಾಲ್ಕು ಗ್ರಾಂ. ಕೀಟೋಜೆನಿಕ್ ಡಯಟ್ ಅನ್ನೋ ಹೆಸರು ಹುಟ್ಟಿದ್ದು ಅಲ್ಲಿ. ತೂಕ ಇಳಿಸೋ ಉದ್ದೇಶ ಅದಕ್ಕಿರಲೇ ಇಲ್ಲ.

ಇವತ್ತಿನ ಚಾರ್ಟ್ ಮಾಡಿದ್ದಿಷ್ಟೆ: ಬ್ಯಾಂಟಿಂಗ್‌ನ ಗುರಿಗೆ ವೈಲ್ಡರ್‌ನ ತಟ್ಟೆಯನ್ನು ಜೋಡಿಸಿತು. ನಡುವೆ 1972ರಲ್ಲಿ ರಾಬರ್ಟ್ ಆಟ್ಕಿನ್ಸ್ ಬಂದು, ಕ್ಯಾಲೊರಿ ಜಾಸ್ತಿ ತಿಂದೂ ಸಣ್ಣಗೆ ಉಳಿಯಬಹುದು ಅನ್ನೋದನ್ನು ಪುಸ್ತಕದ ಉಪಶೀರ್ಷಿಕೆಯಲ್ಲೇ ಹಾಕಿಬಿಟ್ಟರು. ಮರುವರ್ಷ ಅಮೆರಿಕದ ವೈದ್ಯರ ಸಂಘ ಅದನ್ನು ಕಟುವಾಗಿ ವಿಮರ್ಶಿಸಿತು. ಪುಸ್ತಕದ ಮಾರಾಟಕ್ಕೆ ಅದರಿಂದೇನೂ ನಷ್ಟ ಆಗಲಿಲ್ಲ ಬಿಡಿ.

ಈ ಜೋಡಣೆ ಜಯಲಕ್ಷ್ಮಿಪುರಂನ ಸಸ್ಯಾಹಾರಿ ಅಡುಗೆಮನೆಗೆ ಬಂದಾಗ ಏನಾಗುತ್ತೆ ನೋಡಿ. ಮಾಂಸ-ಮೀನಿನ ಜಾಗಕ್ಕೆ ಪನೀರ್, ಚೀಸ್, ಬಾದಾಮಿ, ಕೊಬ್ಬರಿ ಬರುತ್ತವೆ. ದಿನಕ್ಕೆ ಇಪ್ಪತ್ತರಿಂದ ಐವತ್ತು ಗ್ರಾಂ ಕಾರ್ಬ್ ಅನ್ನೋ ಗಡಿ ಇರೋದರಿಂದ ಮುದ್ದೆ ಹೋಗುತ್ತೆ, ಸರಿ. ಅದರ ಜೊತೆ ತೊವ್ವೆ, ಅವರೆಕಾಳು, ಹುರುಳಿಕಾಳಿನ ಬಸ್ಸಾರು ಎಲ್ಲವೂ ಹೋಗುತ್ತೆ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂ ಮೇಲೆ ಪ್ರೋಟೀನ್ ಇದೆ. ಹಿಡಿ ಬಾದಾಮಿ, ಅಂದರೆ ಮೂವತ್ತು ಗ್ರಾಂ, ಕೊಡೋದು ಆರು ಗ್ರಾಂ ಪ್ರೋಟೀನ್, ಜೊತೆಗೆ ನೂರೆಪ್ಪತ್ತು ಕ್ಯಾಲೊರಿ. ಟಿವಿ ಮುಂದೆ ಕೂತರೆ ಮೂರು ಹಿಡಿ ಖಾಲಿಯಾಗೋದು ಗೊತ್ತೇ ಆಗಲ್ಲ. ಇದರ ಮೇಲೆ ಬೆಳಗ್ಗೆ ಡಿಕಾಕ್ಷನ್‌ಗೆ ಎರಡು ದೊಡ್ಡ ಚಮಚ ತುಪ್ಪ. ಫಿಲ್ಟರ್ ಕಾಫಿಗೆ ಹೀಗೆ ಮಾಡೋರನ್ನು ನೋಡಿದರೆ ಮೈಸೂರಿನವರಿಗೆ ಹೊಟ್ಟೆ ಉರಿಯಬೇಕು, ಅದು ಬೇರೆ ವಿಷಯ. ಸದ್ಯಕ್ಕೆ ಲೆಕ್ಕ ನೋಡೋಣ: ಎರಡು ಚಮಚ ತುಪ್ಪ ಅಂದರೆ ಸುಮಾರು ಇನ್ನೂರನಲವತ್ತು ಕ್ಯಾಲೊರಿ.

ಈ ಇನ್ನೂರನಲವತ್ತನ್ನೇ ಇಟ್ಟುಕೊಂಡು ಚಾರ್ಟ್‌ನ ಗಣಿತವನ್ನು ಪರೀಕ್ಷಿಸಬಹುದು. ಎಲ್ಲ ಚಾರ್ಟ್, ಆ್ಯಪ್‌ಗಳ ಬೆನ್ನೆಲುಬು 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ವೈದ್ಯರು ಹಾಕಿಕೊಟ್ಟ ಒಂದು ಲೆಕ್ಕ. ಅದರ ಪ್ರಕಾರ 7700 ಕ್ಯಾಲೊರಿ ಕಡಿತ ಮಾಡಿದರೆ ಒಂದು ಕೆಜಿ ಇಳಿಯುತ್ತೆ. ಹಾಗಿದ್ದರೆ ದಿನಕ್ಕೆ ಇನ್ನೂರನಲವತ್ತು ಕಡಿಮೆ ತಿಂದವರು ವರ್ಷಕ್ಕೆ ಹನ್ನೊಂದು ಕೆಜಿ ಇಳಿಯಬೇಕು, ಮರುವರ್ಷ ಮತ್ತೆ ಹನ್ನೊಂದು, ಹೀಗೇ ಹೋದರೆ ಕೊನೆಗೆ ಮನುಷ್ಯನೇ ಉಳಿಯಬಾರದು. ದೇಹ ಹಾಗೆ ನಡೆಯಲ್ಲ. ತೂಕ ಇಳಿದಂತೆ ದೇಹ ಉರಿಸೋದೂ ಕಡಿಮೆಯಾಗುತ್ತೆ: ಹೊತ್ತು ನಡೆಯೋ ಭಾರ ಕಡಿಮೆ, ಸಾಕಬೇಕಾದ ಮೈ ಕಡಿಮೆ. ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಗಾರರು ಇದನ್ನೆಲ್ಲ ಸೇರಿಸಿ 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹೊಸ ಲೆಕ್ಕ ಕೊಟ್ಟರು. ದಿನಕ್ಕೆ ಇಪ್ಪತ್ತನಾಲ್ಕು ಕ್ಯಾಲೊರಿ ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕೆಜಿ ಇಳಿಯುತ್ತೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಪಾಲು ಮೂರು ವರ್ಷದೊಳಗೆ. ನಮ್ಮ ತುಪ್ಪದ ಕಾಫಿಗೆ ಅನ್ವಯಿಸಿದರೆ, ಅದನ್ನು ಬಿಟ್ಟವರು ಮೊದಲ ವರ್ಷ ಐದು ಕೆಜಿ ಇಳಿಯಬಹುದು. ವಾರಕ್ಕೆ ನೂರು ಗ್ರಾಂ. ಒಂದು ಲೋಟ ನೀರು ಕುಡಿದರೆ ತಕ್ಕಡಿಯಲ್ಲಿ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತೆ!

ಹನ್ನೊಂದು ಕೆಜಿ ಅಂತ ಭರವಸೆ ಕೊಟ್ಟಿದ್ದು ಚಾರ್ಟ್, ಐದು ಕೆಜಿ ಇಳಿಸಿದ್ದು ದೇಹ. ನಡುವಿನ ಆರು ಕೆಜಿಗೆ ಯಾರು ಜವಾಬ್ದಾರರು? ಈಗಂತೂ ಅದನ್ನು ನಲವತ್ತೈದರ ಹೆಂಗಸಿನ ಇಚ್ಛಾಶಕ್ತಿಯ ಮೇಲೆ ಹೊರಿಸಿದ್ದೇವೆ.

ಇಚ್ಛಾಶಕ್ತಿ ಬಿಟ್ಟರೆ ವಯಸ್ಸಿನ ಮೇಲೆ. "ನಲವತ್ತಾದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತೆ" ಅನ್ನೋದು ಈ ಸಾಹಿತ್ಯದ ಅತ್ಯಂತ ಜನಪ್ರಿಯ ವಾಕ್ಯ. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರ ಅಧ್ಯಯನ ಬಂತು: ಇಪ್ಪತ್ತೊಂಬತ್ತು ದೇಶಗಳ 6400ಕ್ಕೂ ಹೆಚ್ಚು ಜನ, ಎಂಟು ದಿನದ ಕೂಸಿನಿಂದ ತೊಂಬತ್ತೈದರ ಅಜ್ಜ-ಅಜ್ಜಿಯವರೆಗೆ. ಮೈಯ ಗಾತ್ರವನ್ನು ಲೆಕ್ಕಕ್ಕೆ ತಗೊಂಡು ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ದೇಹ ಉರಿಸೋ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇಳಿಯೋದು ಅರವತ್ತರ ನಂತರ, ಅದೂ ವರ್ಷಕ್ಕೆ ಶೇಕಡಾ 0.7ರಷ್ಟು. ಹಾಗಂತ ನಡುವಯಸ್ಸಿನಲ್ಲಿ ಏನೂ ಬದಲಾಗಲ್ಲ ಅಂತಲ್ಲ. ಕೂರೋದು ಜಾಸ್ತಿ, ನಿದ್ದೆ ಕಡಿಮೆ, ಸ್ನಾಯು ಸವೆಯುತ್ತೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಹೆಂಗಸರಿಗೆ ಕೊಬ್ಬು ಹೆಚ್ಚುವ ವೇಗ ಏರುತ್ತೆ, ಅದೇ ಹೊತ್ತಿಗೆ ಸ್ನಾಯು ಇಳಿಯುತ್ತೆ, ಹಾಗಾಗಿ ತಕ್ಕಡಿಯ ಮುಳ್ಳಿಗೆ ಈ ಅದಲುಬದಲು ಸರಿಯಾಗಿ ಕಾಣೋದೇ ಇಲ್ಲ. ಸೊಂಟದ ಟೇಪಿಗೆ ಕಾಣುತ್ತೆ. ಸ್ನಾಯು ಉಳಿಸಿಕೊಳ್ಳಬೇಕಾದ ಈ ವಯಸ್ಸಿನಲ್ಲಿ ಕಾಳು-ಬೇಳೆ ಕಿತ್ತುಕೊಂಡು ತುಪ್ಪ ಬಡಿಸುವ ಚಾರ್ಟ್‌ನ್ನು ನಾನು ಕೆಟ್ಟ ಅನುವಾದ ಅಂತಲೇ ಕರೀತೀನಿ. ಮೂಲದ ಪದಗಳು ಬಂದಿವೆ, ಅರ್ಥ ದಾರಿಯಲ್ಲಿ ಬಿದ್ದುಹೋಗಿದೆ.

ಗಂಡ-ಹೆಂಡತಿ ಒಟ್ಟಿಗೆ ಒಂದೇ ಚಾರ್ಟ್ ಹಿಡಿಯೋದೂ ಮಾಮೂಲಿ. ಗಂಡ ತೊಂಬತ್ತು ಕೆಜಿ, ಹೆಂಡತಿ ಎಪ್ಪತ್ತು. ದೊಡ್ಡ ಮೈ ಕೂತಲ್ಲೇ ಜಾಸ್ತಿ ಉರಿಸುತ್ತೆ, ಒಂದೇ ಊಟದಲ್ಲಿ ಅವನದು ಬೇಗ ಇಳಿಯುತ್ತೆ. ಅವನು ಆಫೀಸಿನಲ್ಲಿ ಉಪದೇಶಕನಾಗುತ್ತಾನೆ. ಅವಳು ಅತ್ತೆಗೆ ಅನ್ನ-ಸಾರು, ಮಕ್ಕಳಿಗೆ ಚಪಾತಿ, ಇಬ್ಬರಿಗೆ ಪನೀರ್ ಅಂತ ಮೂರು ಅಡುಗೆ ಮಾಡಿ, ಮಗ ಬಿಟ್ಟ ಅರ್ಧ ಚಪಾತಿ ಬಾಯಿಗೆ ಹಾಕಿಕೊಂಡಿದ್ದಕ್ಕೆ ತಪ್ಪಿತಸ್ಥೆಯಾಗುತ್ತಾಳೆ. ಯಾವ ಚಾರ್ಟ್‌ನಲ್ಲೂ ಅಡುಗೆ ಮಾಡುವವರ ಬಗ್ಗೆ ಒಂದು ಅಡಿಟಿಪ್ಪಣಿಯನ್ನೂ ನಾನು ಕಂಡಿಲ್ಲ.

ಕೀಟೋದಲ್ಲಿ ಒಳ್ಳೇದಿಲ್ಲವೇ? ಇದೆ. ಹಸಿವು ತಗ್ಗುತ್ತೆ, ಸಂಜೆಯ ಬೇಕರಿ ಪಫ್, ಮಿಕ್ಸ್ಚರ್, ಕೂಲ್ ಡ್ರಿಂಕ್ ಒಂದೇ ಏಟಿಗೆ ಹೋಗುತ್ತೆ, ಸಕ್ಕರೆ ಕಾಯಿಲೆ ಇರುವ ಹಲವರಿಗೆ ರಕ್ತದ ಸಕ್ಕರೆ ಇಳಿಯುತ್ತೆ. ಆದರೆ ಕಾರ್ಬ್ ಬಿಡೋದಕ್ಕೆ ವಿಶೇಷ ಮಂತ್ರಶಕ್ತಿ ಇದೆಯೇ ಅಂತ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಕಾರ್ಬ್ ಕಡಿಮೆ ಮಾಡಿದವರು 6 ಕೆಜಿ ಇಳಿದಿದ್ದರು. ಆ ವ್ಯತ್ಯಾಸಕ್ಕೆ ಲೆಕ್ಕದಲ್ಲಿ ಅರ್ಥವಿಲ್ಲ. ಪರೀಕ್ಷೆಯ ನಿಗಾದಲ್ಲಿ, ತಜ್ಞರ ಸಲಹೆ ಪಡೆದುಕೊಂಡು ವರ್ಷವಿಡೀ ಶ್ರಮಿಸಿದವರ ಸರಾಸರಿ ಇದು, ನೆನಪಿರಲಿ. ತಿಂಗಳಿಗೆ ಅರ್ಧ ಕೆಜಿ! ಹಾಗಾದರೆ ನಮ್ಮ ಕೆರೆ ಏರಿಯ ಗೆಳೆಯರು ನಿಧಾನವಾಗಿಲ್ಲ, ಅವರು ಸರಾಸರಿ. ಬ್ಯಾಂಟಿಂಗ್ ಅವರೆಲ್ಲರಿಗಿಂತ ವೇಗದವನು.

ನನ್ನ ಮಟ್ಟಿಗೆ, ಕೀಟೋವನ್ನೇ ಮುಂದುವರಿಸುವವರು ಮೊದಲು ಕಾಫಿಯಿಂದ ತುಪ್ಪ ತೆಗೆಯಲಿ, ಬಾದಾಮಿಯನ್ನು ಡಬ್ಬಿಯಿಂದಲ್ಲ, ಎಣಿಸಿ ಬಟ್ಟಲಿಗೆ ಹಾಕಿಕೊಂಡು ತಿನ್ನಲಿ. ಗಡಿಯನ್ನು ಸ್ವಲ್ಪ ಸಡಿಲಿಸಿ ಕಾಳುಗಳನ್ನು ಮನೆಗೆ ವಾಪಸ್ ಕರೆಯಲಿ. ಅದು ಆಮೇಲೆ ಕೀಟೋ ಆಗಿ ಉಳಿಯಲ್ಲ ಅಂತ ಯಾರಾದರೂ ಆಕ್ಷೇಪಿಸಿದರೆ, ಬ್ಯಾಂಟಿಂಗ್‌ನದೂ ಕೀಟೋ ಆಗಿರಲಿಲ್ಲ ಅನ್ನಿ. ಒಣ ಟೋಸ್ಟ್ ತಿಂತಿದ್ದ ಆಸಾಮಿ.

ಒಂದು ವಿಷಯದಲ್ಲಿ ಮಾತ್ರ ಈ ಚಾರ್ಟ್‌ಗಳ ಮೌನ ಅಪಾಯಕಾರಿ. ನಡುವಯಸ್ಸಿನ ಎಷ್ಟೋ ಜನ ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತಗೊಳ್ತಾರೆ. ಮೊದಲನೆಯದರ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಅದು ಅಗ್ಗವಾಗಿ ಎಲ್ಲ ಕಡೆ ಸಿಗ್ತಿದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕೋ ಈ ಮಾತ್ರೆಗಳ ಜೊತೆ ಕೀಟೋ ಸೇರಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು, ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಸುಮಾರಾಗಿ ಸರಿಯಿದೆ ಅಂತ ಕಾಣ್ತಿರುವಾಗಲೇ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಏದುಸಿರು. ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರಿಗೆ ಇನ್ನೊಂದು ಕಡೆಯ ಅಪಾಯ, ಸಕ್ಕರೆ ಥಟ್ಟನೆ ಕುಸಿಯೋದು. ಶುರುಮಾಡುವ ಮೊದಲು ಮಾತ್ರೆಯ ಚೀಟಿ ಹಿಡ್ಕೊಂಡು ಡಾಕ್ಟರ ಹತ್ತಿರ ಹೋಗಲೇಬೇಕು. ನಾನು ಓದಿದ ಚಾರ್ಟ್‌ಗಳು ಸುಸ್ತು-ವಾಕರಿಕೆಯನ್ನೆಲ್ಲ 'ಕೀಟೋ ಫ್ಲೂ' ಅಂತ ಕರೆದು, ಉಪ್ಪು ಹಾಕಿದ ನಿಂಬೆಹಣ್ಣಿನ ನೀರು ಕುಡಿದು ಎರಡು ದಿನ ತಡ್ಕೊಳ್ಳಿ ಅಂತ ಹೇಳಿ ಮುಂದಿನ ಸಾಲಿಗೆ, ಪನೀರ್ ಟಿಕ್ಕಾಗೆ, ಹೋಗಿಬಿಡ್ತವೆ.