ತೆರೆದಿರಬೇಕಾದುದು, ಮುಚ್ಚಿರಬೇಕಾದುದು

ನಮ್ಮ ಕನ್ನಡ ದಿನಪತ್ರಿಕೆಗಳಲ್ಲಿ ತಂತ್ರಜ್ಞಾನಕ್ಕೆಂದು ಮೀಸಲಾದ ಅಂಕಣಗಳನ್ನು ನೀವು ಗಮನಿಸಿರಬಹುದು. ಯಾವ ಕಂಪನಿಯ ಹೊಸ ಮೊಬೈಲ್ ಮಾರುಕಟ್ಟೆಗೆ ಬಂತು, ಅದರ ಕ್ಯಾಮರಾ ಎಂಥದು, ಬೆಲೆ ಎಷ್ಟು, ಯಾವ ಆ್ಯಪ್ ಉಚಿತ ಎಂಬ ವಿವರಗಳೇ ಅಲ್ಲಿ ತುಂಬಿರುತ್ತವೆ. ಬೆರಳಚ್ಚು ಕದ್ದು ಬ್ಯಾಂಕ್ ಖಾತೆಯಿಂದ ಹಣ ದೋಚಿದ ಸುದ್ದಿ ಅಪರಾಧದ ಪುಟದಲ್ಲಿ ಬರುತ್ತದೆ. ಖಾಸಗಿತನದ ಕುರಿತಾದ ನ್ಯಾಯಾಲಯದ ತೀರ್ಪು ದೆಹಲಿಯ ಸುದ್ದಿಯಾಗುತ್ತದೆ. ಕನ್ನಡ ತಂತ್ರಾಂಶದ ಚರ್ಚೆ ಭಾನುವಾರದ ಪುರವಣಿಗೆ ಹೋಗುತ್ತದೆ. ಒಂದೇ ವಿಷಯದ ನಾಲ್ಕು ತುಂಡುಗಳು ಹೀಗೆ ನಾಲ್ಕು ಪುಟಗಳಲ್ಲಿ ಹಂಚಿಹೋದಾಗ ಅವುಗಳ ನಡುವಿನ ಸಂಬಂಧ ಓದುಗನಿಗೆ ಕಾಣಿಸುವುದಿಲ್ಲ. ಆ ಸಂಬಂಧವನ್ನು ಗುರುತಿಸಿ, ನಮ್ಮ ವಿಶ್ವಾಸದ ಬೆಳಕಿನಲ್ಲಿ ಅದನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಕುದುರೆಮುಖದ ಬೆಟ್ಟಸಾಲಿನ ಬುಡದಲ್ಲಿ ಅಡಿಕೆ, ತೆಂಗು, ರಬ್ಬರುಗಳ ನಡುವೆ ಬಾಳುವ ನಾರಾವಿಯಂತಹ ಊರಿಗೆ ಈ ವಿಚಾರವೆಲ್ಲ ಏಕೆಂದು ನೀವು ಕೇಳಬಹುದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಅಕ್ಕಿ ತರುವವರು ನಾವು. ಗಲ್ಫಿನಲ್ಲಿರುವ ಮಗನ ಮುಖವನ್ನು ಮೊಬೈಲಿನಲ್ಲಿ ಕಂಡು ಸಮಾಧಾನಪಡುವವರು ನಾವು. ಸಂತ ಅಂತೋನಿ ವಿದ್ಯಾಸಂಸ್ಥೆಗಳಿಗೆ ಹೋಗುವ ನಮ್ಮ ಮಕ್ಕಳ ಪಾಠ, ಅರ್ಜಿ, ಅಂಕಪಟ್ಟಿ ಎಲ್ಲವೂ ಯಂತ್ರದ ಮೂಲಕವೇ ಸಾಗುತ್ತಿವೆ. ಆದುದರಿಂದ ತಂತ್ರಜ್ಞಾನದ ಸುದ್ದಿ ಇಂದು ಬೆಂಗಳೂರಿನ ಸುದ್ದಿಯಷ್ಟೇ ಅಲ್ಲ. ಅದು ನಮ್ಮ ಚಾವಡಿಯ ಸುದ್ದಿ.

ನನ್ನ ಅಭಿಪ್ರಾಯವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಯಂತ್ರದ ಒಳಗು ತೆರೆದಿರಬೇಕು, ಮನುಷ್ಯನ ಒಳಗು ಮುಚ್ಚಿರಬೇಕು. ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನಾವು ಬಳಸುವ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನಮಗೆ ಗೊತ್ತಿಲ್ಲ. ನಾವು ಹೇಗೆ ಬದುಕುತ್ತೇವೆಂದು ಯಂತ್ರದ ಒಡೆಯನಿಗೆ ಚೆನ್ನಾಗಿ ಗೊತ್ತಿದೆ.

ಮೊದಲು ಯಂತ್ರದ ಮಾತು. ಓಪನ್ ಸೋರ್ಸ್ ಎಂದು ಕರೆಯಲಾಗುವ ಮುಕ್ತ ತಂತ್ರಾಂಶದ ಕಲ್ಪನೆ ಸರಳವಾದುದು. ಗಣಕಯಂತ್ರಕ್ಕೆ ಕೊಡುವ ಸೂಚನೆಗಳ ಮೂಲ ಬರಹವನ್ನು ಗುಟ್ಟಾಗಿಡದೆ, ಯಾರು ಬೇಕಾದರೂ ಓದಿ, ತಿದ್ದಿ, ಹಂಚುವಂತೆ ಬಿಡುವುದೇ ಅದು. ಬೇರಿನ ಹೆಸರು ಹೇಳದೆ ಮದ್ದು ಅರೆದುಕೊಡುವ ನಾಟಿವೈದ್ಯನನ್ನು ನೆನಪಿಸಿಕೊಳ್ಳಿ. ಮದ್ದು ಗುಣ ಕೊಡಬಹುದು, ಹಣವನ್ನೂ ಅವನು ಪಡೆಯದಿರಬಹುದು. ಆದರೆ ಅವನು ತೀರಿಕೊಂಡ ದಿನ ಆ ವಿದ್ಯೆಯೂ ಮಣ್ಣುಪಾಲಾಗುತ್ತದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದ ಎರಡು ಅರ್ಥಗಳನ್ನು ಹೊತ್ತು ಗೊಂದಲ ಹುಟ್ಟಿಸುತ್ತದೆ. ನಮ್ಮ ಕನ್ನಡದಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಪತ್ರಿಕೆಗಳು ಹೊಗಳುವ ಬಹುತೇಕ ಆ್ಯಪ್‌ಗಳು ಉಚಿತ, ಆದರೆ ಮುಕ್ತವಲ್ಲ. ಬೆಲೆಯಾಗಿ ಹಣದ ಬದಲು ನಮ್ಮ ಮಾಹಿತಿಯನ್ನು ಪಡೆಯುವಂಥವೂ ಅವುಗಳಲ್ಲಿ ಹಲವು.

ಈ ವ್ಯತ್ಯಾಸದ ಪೆಟ್ಟನ್ನು ಕನ್ನಡಿಗರು ಉಂಡಿದ್ದಾರೆ. 1990ರ ದಶಕದಲ್ಲಿ ಮತ್ತು 2000ದ ಬಳಿಕದ ವರ್ಷಗಳಲ್ಲಿ ಕನ್ನಡದ ಹಲವು ತಂತ್ರಾಂಶಗಳು ಅಕ್ಷರಗಳಿಗೆ ತಮ್ಮದೇ ಸಂಕೇತಗಳನ್ನು ಇಟ್ಟುಕೊಂಡಿದ್ದವು. ಒಂದರಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಅದರ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತಿತ್ತು. ಹಾಗೆ ಸಿದ್ಧವಾದ ಸ್ಮರಣ ಸಂಚಿಕೆಗಳು, ಭಕ್ತಿಗೀತೆಗಳ ಸಂಗ್ರಹಗಳು, ಕನ್ನಡ ಲಿಪಿಯ ಕೊಂಕಣಿ ನಾಟಕಗಳು ಇಂದಿಗೂ ಹಳೆಯ ಸಿ.ಡಿ.ಗಳಲ್ಲಿ ಓದಲಾಗದೆ ಬಿದ್ದಿರಬಹುದು. 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದ ಪುಟವನ್ನು ಕನ್ನಡ ಬಲ್ಲ ಯಾರೂ ಇಂದು ಓದಬಲ್ಲರು. 2003ರ ಕಡತವೊಂದನ್ನು ಓದಲು ಮಾತ್ರ ನಾವು ಪರಿವರ್ತಕವನ್ನು ಹುಡುಕಬೇಕಾಗಿದೆ. ಮುಚ್ಚಿದ ವ್ಯವಸ್ಥೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈ ಕತ್ತಲಿನಿಂದ ನಮ್ಮನ್ನು ಹೊರತಂದವರ ಕುರಿತು ಪತ್ರಿಕೆಗಳು ಬರೆದುದು ಕಡಿಮೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡ ವರ್ಣಮಾಲೆಯ ಸ್ವಭಾವಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆಗೂ ಅದೇ ತಳಹದಿಯಾಯಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ, ಗಣಕಯಂತ್ರದಲ್ಲಿ ಕನ್ನಡ ನೆಲೆಯೂರದಿದ್ದರೆ ಭಾಷೆಗೆ ಭವಿಷ್ಯವಿಲ್ಲವೆಂದು ಎಚ್ಚರಿಸುತ್ತಲೇ ಇದ್ದರು. ಜಗತ್ತಿನ ಎಲ್ಲ ಗಣಕಯಂತ್ರಗಳಲ್ಲೂ ಪ್ರತಿ ಅಕ್ಷರಕ್ಕೆ ಒಂದೇ ಸಂಖ್ಯೆ ಇರಬೇಕೆಂಬ ಯೂನಿಕೋಡ್ ಎಂಬ ಮುಕ್ತ ಶಿಷ್ಟತೆ ಬಳಕೆಗೆ ಬಂದ ಮೇಲೆಯೇ ನಾವಿಂದು ಮೊಬೈಲಿನಲ್ಲಿ ನಿರಾತಂಕವಾಗಿ ಕನ್ನಡ ಬರೆಯುತ್ತಿದ್ದೇವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದು ಮುಕ್ತವಾಗಿ ಬಿಟ್ಟ ಕನ್ನಡದ ಯುವ ತಂತ್ರಜ್ಞರೂ ಇದ್ದಾರೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲೇ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಪರವಾನಗಿ ಶುಲ್ಕವಿಲ್ಲದೆ ಇದು ಸಾಧ್ಯವೆಂಬುದನ್ನು ನಮ್ಮ ಶಾಲೆಗಳು ಗಮನಿಸಬೇಕು.

ತೆರೆದಿಟ್ಟರೆ ಕಳ್ಳನೂ ನೋಡುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಜಗತ್ತಿನ ಅಸಂಖ್ಯ ಗಣಕಯಂತ್ರಗಳಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಬ್ಬ ದುಷ್ಟನು, ವರ್ಷಗಟ್ಟಲೆ ಸ್ನೇಹಿತನಂತೆ ನಟಿಸಿ, ಒಂದು ಕಳ್ಳ ಬಾಗಿಲನ್ನು ಇಟ್ಟಿದ್ದನು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ತನ್ನ ಯಂತ್ರವು ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿರುವುದನ್ನು ಕಂಡು ಸಂಶಯಗೊಂಡು ಒಳಹೊಕ್ಕು ನೋಡಿ, ಅದನ್ನು ಬಯಲಿಗೆಳೆದರು. ಮುಕ್ತ ತಂತ್ರಾಂಶದಲ್ಲಿ ಕೇಡು ಬರುವುದೇ ಇಲ್ಲವೆಂದಲ್ಲ. ಬಂದ ಕೇಡನ್ನು ಹೊರಗಿನವನೊಬ್ಬನು ಕಂಡುಹಿಡಿಯಲು ಅಲ್ಲಿ ದಾರಿ ಇದೆ ಎಂಬುದೇ ಅದರ ಬಲ.

ಇನ್ನು ಮನುಷ್ಯನ ಮಾತು. 2023ರಲ್ಲಿ ನಮ್ಮ ಜಿಲ್ಲೆಯನ್ನೇ ತಲ್ಲಣಗೊಳಿಸಿದ ಪ್ರಕರಣಗಳು ನಿಮಗೆ ನೆನಪಿರಬಹುದು. ಆಸ್ತಿಯ ನೋಂದಣಿ ಮಾಡಿಸಿಕೊಂಡ ಕೆಲವರ ಬ್ಯಾಂಕ್ ಖಾತೆಗಳಿಂದ, ಅವರು ಯಾರಿಗೂ ಒಟಿಪಿ ಹೇಳದಿದ್ದರೂ, ಹಣ ಮಾಯವಾಗತೊಡಗಿತು. ಮಂಗಳೂರಿನ ಪೊಲೀಸರಿಗೆ ಒಂದರ ಮೇಲೊಂದು ದೂರುಗಳು ಬಂದವು. ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಬಳಸಿ ವಂಚಕರು ಕೃತ್ಯ ಎಸಗಿದ್ದಾರೆಂದು ತನಿಖೆಯಲ್ಲಿ ಹೊರಬಂತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ಪಡೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು. ಬ್ಯಾಂಕಿಗೆ ನಡೆದು ಹೋಗಲಾರದ ವೃದ್ಧರ ಮನೆಬಾಗಿಲಿಗೆ ಪಿಂಚಣಿ ಮುಟ್ಟಿಸುವ ಸದುದ್ದೇಶದ ವ್ಯವಸ್ಥೆ ಅದು. ಆದರೆ ಬೀಗವನ್ನೂ ಬೀಗದ ಕೈಯನ್ನೂ ಒಂದೇ ಕಾಗದದಲ್ಲಿ ಅಚ್ಚುಹಾಕಿ ಇಟ್ಟರೆ ಸದುದ್ದೇಶ ಏನು ಮಾಡೀತು?

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಅರಿಯಬೇಕು. ಪಾಸ್‌ವರ್ಡ್ ಕಳವಾದರೆ ಬೇರೆ ಇಟ್ಟುಕೊಳ್ಳಬಹುದು. ಕಳೆದುಹೋದ ವಸ್ತುವಿಗಾಗಿ ಸಂತ ಅಂತೋನಿಯವರಲ್ಲಿ ಮೊರೆಯಿಡುವುದು ನಾರಾವಿಯ ಭಕ್ತರಿಗೆ ಹೊಸದಲ್ಲ. ಆದರೆ ಬೆರಳಚ್ಚು ಕಳವಾದಾಗ ಕಳೆದುಹೋಗುವುದು ಏನೂ ಇಲ್ಲ; ಬೆರಳು ನಮ್ಮ ಕೈಯಲ್ಲೇ ಇರುತ್ತದೆ, ಅದರ ಮೇಲಿನ ಒಡೆತನ ಮಾತ್ರ ಇನ್ನೊಬ್ಬನ ಪಾಲಾಗಿರುತ್ತದೆ. ಹುಡುಕಿ ತರಲಾಗದ, ಬದಲಿಸಲೂ ಆಗದ ನಷ್ಟವಿದು.

‘ನಾನು ತಪ್ಪೇನೂ ಮಾಡುವುದಿಲ್ಲ, ನನಗೇಕೆ ಖಾಸಗಿತನ?’ ಎನ್ನುವವರು ನಮ್ಮಲ್ಲಿ ಅನೇಕರು. ಅವರಿಗೆ ಕರ್ನಾಟಕದ ಹಿರಿಯರೊಬ್ಬರು ಉತ್ತರ ಕೊಟ್ಟಿದ್ದಾರೆ. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 24 ಆಗಸ್ಟ್ 2017ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಅದು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಬಂದ ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೂ ಸಿಮ್‌ಗೂ ಅದನ್ನು ಕಡ್ಡಾಯ ಮಾಡಲಾಗದೆಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪು ಪ್ರತಿ ಭಾರತೀಯನ ಮನೆಗೆ ಹಾಕಿದ ಬಾಗಿಲಿನಂತಿದೆ. ಆ ಬಳಿಕ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದುದು 2025ರ ನವೆಂಬರ್‌ನಲ್ಲಿ. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆನ್ನುವ ಈ ಕಾಯ್ದೆ ಸ್ವಾಗತಾರ್ಹವೇ ಆದರೂ, ಸರ್ಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲಿ ವಿಶಾಲವಾದ ಅವಕಾಶ ಉಳಿದಿದೆ ಎಂಬುದನ್ನು ಮರೆಯಬಾರದು.

ಕ್ರೈಸ್ತರಿಗೆ ಖಾಸಗಿತನವು ನ್ಯಾಯಾಲಯದಿಂದ ಬಂದ ಹೊಸ ವಿಚಾರವೇನಲ್ಲ. ಪರ್ವತ ಪ್ರಸಂಗದಲ್ಲಿ ಪ್ರಭು ಯೇಸು ಪ್ರಾರ್ಥಿಸುವವನನ್ನು ಬೀದಿಯ ಮೂಲೆಯಿಂದ ಬಿಡಿಸಿ ಒಳಕೋಣೆಗೆ ಕಳುಹಿಸುತ್ತಾರೆ. ದೇವರು ಮತ್ತು ಮನುಷ್ಯನ ನಡುವಿನ ಅತ್ಯಂತ ಆಳವಾದ ಸಂಭಾಷಣೆಗೆ ಅವರು ಆರಿಸಿದ್ದು ಮುಚ್ಚಿದ ಬಾಗಿಲನ್ನು. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಯಾಜಕನು ಬಿಟ್ಟುಕೊಡುವಂತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿ, ವ್ಯಕ್ತಿಯೊಬ್ಬನ ಖಾಸಗಿತನದ ಹಕ್ಕಿಗೆ ಯಾರೂ ಧಕ್ಕೆ ತರಬಾರದೆಂದು ವಿಧಿಸುತ್ತದೆ.

ಹಾಗಿದ್ದೂ ನಮ್ಮ ಧರ್ಮಕೇಂದ್ರಗಳ ನಡೆಯನ್ನು ವಿಮರ್ಶಿಸದೆ ಸರ್ಕಾರವನ್ನೂ ಕಂಪನಿಗಳನ್ನೂ ಮಾತ್ರ ದೂರುವುದು ನ್ಯಾಯವಲ್ಲ. ರೋಗಿಯ ಹೆಸರಿನೊಡನೆ ರೋಗದ ಹೆಸರನ್ನೂ ಬರೆದು ವಾಟ್ಸಾಪ್ ಗುಂಪಿಗೆ ಕಳುಹಿಸುವುದು ಪ್ರಾರ್ಥನೆಯ ಕೋರಿಕೆಯೇ? ಯಾವ ಕುಟುಂಬ ವಂತಿಗೆ ಬಾಕಿ ಇಟ್ಟಿದೆ ಎಂಬ ಪಟ್ಟಿ ನೂರಾರು ಮೊಬೈಲುಗಳಿಗೆ ಹೋಗಬೇಕೇ? ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಭಾವಚಿತ್ರವನ್ನು ಹೆಸರು, ಶಾಲೆ, ಊರುಗಳ ಸಮೇತ ಜಗತ್ತಿಗೆ ಬಿತ್ತರಿಸುವ ಮೊದಲು ಹೆತ್ತವರನ್ನು ಕೇಳುವ ರೂಢಿ ಇದೆಯೇ? ಕುಟುಂಬಗಳ ವಿವರವನ್ನು ಯಾವುದೋ ತಂತ್ರಾಂಶಕ್ಕೆ ತುಂಬುವಾಗ, ಅದು ಎಲ್ಲಿ ಉಳಿಯುತ್ತದೆ, ನಾಳೆ ಬೇರೆಡೆಗೆ ಒಯ್ಯಲು ಸಾಧ್ಯವೇ ಎಂದು ಪಾಲನಾ ಮಂಡಳಿಗಳು ಕೇಳುತ್ತವೆಯೇ?

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಚರ್ಚಿನ ಕಪಾಟಿನಲ್ಲಿರುವ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ನೋಡಿ. ಅದರಲ್ಲಿ ಏನನ್ನು, ಯಾವ ಕ್ರಮದಲ್ಲಿ ಬರೆಯಬೇಕೆಂಬುದು ಗುಟ್ಟಲ್ಲ. ನೂರು ವರ್ಷದ ಬಳಿಕ ಬರುವ ಗುರುವೂ ಅದನ್ನು ಓದಬಲ್ಲನು. ಆದರೆ ಅದು ಹೊರಗಿನವರ ಕೈಸೇರದಂತೆ ಕಾಯಬೇಕೆಂದು ಅದೇ ಸಂಹಿತೆಯ 535ನೆಯ ವಿಧಿ ಧರ್ಮಗುರುವಿಗೆ ಆಜ್ಞಾಪಿಸುತ್ತದೆ. ಬರೆಯುವ ವಿಧಾನ ಮುಕ್ತ, ಬರೆದ ಬದುಕು ಸುರಕ್ಷಿತ. ಗಣಕಯಂತ್ರದ ಯುಗಕ್ಕೂ ನಮಗೆ ಬೇಕಾಗಿರುವುದು ಇದೇ ನೀತಿ.

ಆದುದರಿಂದ, ಪ್ರಿಯ ಓದುಗರೇ, ತಂತ್ರಜ್ಞಾನದ ಯಾವುದೇ ಸುದ್ದಿಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಯಂತ್ರ ತನ್ನ ಬಗ್ಗೆ ನಮಗೆ ಏನು ಹೇಳುತ್ತದೆ? ನಮ್ಮ ಬಗ್ಗೆ ಬೇರೆಯವರಿಗೆ ಏನು ಹೇಳುತ್ತದೆ? ಜೊತೆಗೆ ಈ ವಾರವೇ ಮಾಡಬಹುದಾದ ಕೆಲಸಗಳೂ ಇವೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಬೇಕಾದಾಗ ತೆರೆಯಬಹುದು. ಆಧಾರ್ ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಕೊಡಿ. ಹಣ ಹೋದರೆ ಕೂಡಲೇ 1930ಕ್ಕೆ ಕರೆಮಾಡಿ. ಮನೆಯ ಹಿರಿಯರಿಗೆ ಇದನ್ನು ಮಾಡಿಕೊಡುವ ಹೊಣೆಯನ್ನು ನಮ್ಮ ಯುವಜನರು ಹೊರಲಿ. ವಾಳೆಯ ಮುಂದಿನ ಸಭೆಯಲ್ಲಿ ಗುರಿಕಾರರು ಈ ವಿಷಯವನ್ನು ಎತ್ತಲಿ. ನೆರೆಯವನ ಮನೆಯ ಬಾಗಿಲನ್ನು ತಟ್ಟದೆ ಒಳನುಗ್ಗದಿರುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆ. ಮೊಬೈಲು ಕೈಗೆ ಬಂದ ಮಾತ್ರಕ್ಕೆ ಆ ಮರ್ಯಾದೆ ರದ್ದಾಗಬೇಕಿಲ್ಲ.