ನೀರೊಳಗೆ ತೊಡಿಸುವ ಲೆನ್ಸ್

ಒಲಿಂಪಸ್ ಟಿಜಿ-6 ಕ್ಯಾಮೆರಾ ತಾನೇ 15 ಮೀಟರ್ ಆಳ ತಾಳುತ್ತದೆ; ನೀರು ನುಗ್ಗದ ಪಿಟಿ-059 ಹೌಸಿಂಗ್ (ಹೊರಕವಚ) ತೊಡಿಸಿದರೆ 45 ಮೀಟರ್. ನೇತ್ರಾಣಿ ದ್ವೀಪದ ಡೈವ್‌ಗಳಿಗೆ ಅಷ್ಟು ಧಾರಾಳ. ಆದರೆ ನನಗೆ ಅಚ್ಚುಮೆಚ್ಚು ಹೌಸಿಂಗಿನ ಮೂತಿಗೆ ತಿರುಗಿಸಿ ಕೂರಿಸುವ ಅಡಾಪ್ಟರ್ ಎಂಬ ಪುಟ್ಟ ಬಳೆ. ಹೌಸಿಂಗಿನ ತಿರುಪಿನ ಅಳತೆ 52 ಮಿ.ಮೀ., ಅದರ ಹೊರಗೆ ತೊಡಿಸುವ ಒಳ್ಳೆಯ ವೆಟ್ ಲೆನ್ಸುಗಳದ್ದು ಬಹುಪಾಲು 67. ಎರಡನ್ನೂ ಒಂದುಗೂಡಿಸುವುದು ಇದೇ.

ಹೌಸಿಂಗಿನ ಚಪ್ಪಟೆ ಗಾಜಿನ ಮುಂದೆ ನೀರು ಬಂದರೆ ನೋಟ ಕಿರಿದಾಗುತ್ತದೆ. ವೈಡ್ ವೆಟ್ ಲೆನ್ಸ್ ಆ ಅಗಲವನ್ನು ಮರಳಿ ಕೊಡುತ್ತದೆ, ಅದೂ ನೀರೊಳಗೇ ಬಿಚ್ಚಿ ಹಾಕುವಂತೆ! ಇಳಿದೊಡನೆ ಒಮ್ಮೆ ಸಡಿಲಿಸಿ, ಗಾಜಿಗೂ ಲೆನ್ಸಿಗೂ ನಡುವಿನ ಗಾಳಿಗುಳ್ಳೆಗಳನ್ನು ಹೊರಬಿಟ್ಟು, ಮತ್ತೆ ಬಿಗಿ ಮಾಡಬೇಕು. ಚಿತ್ರದ ಮೂಲೆ ಕಪ್ಪಾದರೆ ಕೊಂಚ ಜೂಮ್ ಸಾಕು.

ಟಿಜಿ 1 ಸೆಂ.ಮೀ. ಹತ್ತಿರದಿಂದಲೂ ಫೋಕಸ್ ಮಾಡುವುದರಿಂದ ಮ್ಯಾಕ್ರೋ ವೆಟ್ ಲೆನ್ಸಿಗೆ ಅವಸರವಿಲ್ಲ. ಮೊದಲ ದುಡ್ಡು ವೈಡ್‌ಗೇ ಹೋಗಲಿ.